ಭೆಟ್ಟಿಯ ಲೆಕ್ಕ

ನಮ್ಮ ಮನೆಯ ಕೆಳಗಿನ ಮಳಿಗೆಯಲ್ಲಿ ಯಾರೋ ಟ್ಯೂಷನ್ ಕ್ಲಾಸು ಶುರು ಮಾಡಿದ್ದಾರೆ. ಕಾಚಿಗೂಡದ ಈ ಹಳೆಯ ಗಲ್ಲಿಯಲ್ಲಿ ಮೊದಲೇ ಕಾಲಿಡಲು ಜಾಗವಿಲ್ಲ. ಈಗ ಸಂಜೆಯಾಯಿತೆಂದರೆ ಸೈಕಲ್ಲು, ಸ್ಕೂಟರು, ಮಕ್ಕಳನ್ನು ಬಿಡಲು ಬಂದು ನನ್ನ ಮೆಟ್ಟಿಲ ಮೇಲೇ ಠಿಕಾಣಿ ಹೂಡುವ ತಾಯಂದಿರು... ಮೊನ್ನೆ ಚೆನ್ನಾಗಿ ಬೈದು ಬರೋಣವೆಂದೇ ಕೆಳಗಿಳಿದೆ. ಬಾಗಿಲಿಗೆ ಹೋಗಿ ನಿಂತಾಗ ಮಾಸ್ತರು ಮಾರ್ಕರ್ ಪೆನ್ನಿನ ಮುಚ್ಚಳ ತೆಗೆದು, ಕೊಡವಿ, ಬಿಳಿ ಹಲಗೆಯ ಮೇಲೆ ಬರೆಯತೊಡಗಿದ್ದರು. ಸ್ಪಿರಿಟ್ಟಿನಂಥ ಆ ವಾಸನೆ ಮೂಗಿಗೆ ಹತ್ತಿತು. ಬೈಯಲು ತೆರೆದ ಬಾಯಿ ಹಾಗೇ ಮುಚ್ಚಿಕೊಂಡಿತು. "ಏಂ ಕಾವಾಲಮ್ಮಾ?" ಎಂದು ಮಾಸ್ತರು ತೆಲುಗಿನಲ್ಲಿ ಕೇಳಿದರು. ಏನೂ ಬೇಡವೆಂದು ತಲೆಯಾಡಿಸಿ ಮೇಲೆ ಬಂದು ಕೂತೆ.

ಆ ವಾಸನೆ ನನಗೆ ಅಕ್ಕೋರದು. ನಮ್ಮ ಕಡೆ ಸಾಲಿಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಅಕ್ಕೋರು ಅನ್ನುತ್ತೇವೆ. ಇವರು ಸಾಲಿಯ ಅಕ್ಕೋರಲ್ಲ. ಗಚ್ಚಿಬೌಲಿಯ ಒಂದು ಸಂಶೋಧನಾ ಸಂಸ್ಥೆಯಲ್ಲಿ ರೋಗ ಹೇಗೆ ಹಬ್ಬುತ್ತದೆ ಎಂಬುದನ್ನು ಗಣಿತದಿಂದ ಲೆಕ್ಕ ಹಾಕುತ್ತಿದ್ದ ವಿಜ್ಞಾನಿ. ಅಲ್ಲಿನ ಹುಡುಗರೆಲ್ಲ ಅವರನ್ನು ಡಾಕ್ಟರ್, ಮೇಡಂ ಎಂದು ಕರೆಯುತ್ತಿದ್ದರು. ಡಾಕ್ಟರ್ ಅಂದ ಮೇಲೆ ಮೊಣಕಾಲಿನ ನೋವಿಗೆ ಏನಾದರೂ ಬರೆದು ಕೊಡಿ ಎಂದು ಮೊದಲನೆಯ ದಿನವೇ ಕೇಳಿ ನಾನು ನಗೆಪಾಟಲಾಗಿದ್ದೆ. ಅವರು ನಗುತ್ತ, "ನಾ ಸೂಜಿ ಡಾಕ್ಟರ ಅಲ್ಲವಾ ತಂಗಿ, ಲೆಕ್ಕದ ಡಾಕ್ಟರ. ನನ್ನ ಕಡಿಂದ ಯಾರ ನೋವೂ ಕಮ್ಮಿ ಆಗೂದಿಲ್ಲ" ಎಂದರು. ಅಂದಿನಿಂದ ನನ್ನ ಬಾಯಿಗೆ ಅಕ್ಕೋರು ಎಂದೇ ಬಂತು.

ನಾನು ಸೇಡಂ ಕಡೆಯವಳು. ಮದುವೆಯಾಗಿ ಈ ಊರಿಗೆ ಬಂದೆ. ನಮ್ಮ ಮನೆಯವರು ಬಟ್ಟೆ ಅಂಗಡಿಯೊಂದರಲ್ಲಿ ಗುಮಾಸ್ತರಾಗಿದ್ದರು. ಮನೆಯ ಹೊಸ್ತಿಲಿನಾಚೆ ತೆಲುಗು, ಬಜಾರಿನಲ್ಲಿ ಹಿಂದಿ, ಒಳಗೆ ಮಾತ್ರ ಕನ್ನಡ. ಕರೋನಾ ಕಾಲದಲ್ಲಿ ಅವರು ಹೋಗಿಬಿಟ್ಟರು. ಮಕ್ಕಳಿಲ್ಲದ ಮನೆ. ಅವರ ಹಿಂದೆಯೇ ಕನ್ನಡವೂ ಎದ್ದು ಹೋಯಿತು. ವಾರಗಟ್ಟಲೆ ಒಂದು ಕನ್ನಡ ಶಬ್ದ ಬಾಯಿಂದ ಹೊರಡದೆ ಇದ್ದದ್ದುಂಟು. ಬೇಸತ್ತು ಒಮ್ಮೊಮ್ಮೆ ಒಲೆಯ ಮೇಲಿನ ಹಾಲಿಗೇ "ಉಕ್ಕಬ್ಯಾಡ ತಡಿಯೇ ನಮ್ಮವ್ವಾ" ಎಂದು ಹೇಳಿ, ನನ್ನ ದನಿ ನಾನೇ ಕೇಳಿ ಗಾಬರಿಯಾಗುತ್ತಿದ್ದೆ. ಅಂಥ ದಿನಗಳಲ್ಲಿ, ಕನ್ನಡ ಬರುವ, ಮನೆಮನೆ ತಿರುಗಿ ಪ್ರಶ್ನೆ ಕೇಳಬಲ್ಲ ಹೆಂಗಸು ಬೇಕಾಗಿದ್ದಾಳೆ ಎಂದು ಪರಿಚಯದವರೊಬ್ಬರು ಹೇಳಿದರು. ಬಾಯಿ ಇದ್ದರೆ ಸಾಕು ಎಂದಾದರೆ ನನಗಿಂತ ಅರ್ಹರು ಯಾರು? ಮರುದಿನವೇ ಹೋದೆ.

ಅಕ್ಕೋರು ನನ್ನನ್ನು ಕೂರಿಸಿಕೊಂಡು ಬಿಳಿ ಹಲಗೆಯ ಮೇಲೆ ಮೂರು ಚೌಕಾಕಾರದ ಮನೆ ಬರೆದರು. ಇದೇನ್ರಿ ಅಕ್ಕಾರ, ಕುಂಟಾಬಿಲ್ಲೆ ಆಡೂದೇನು ಎಂದು ಕೇಳಿದೆ. ಮೊದಲ ಮನೆಯಲ್ಲಿ ಇನ್ನೂ ರೋಗ ಬಾರದವರು, ಎರಡನೆಯದರಲ್ಲಿ ಬಂದವರು, ಮೂರನೆಯದರಲ್ಲಿ ಬಂದು ವಾಸಿಯಾದವರು. ಒಂದು ಮನೆಯಿಂದ ಇನ್ನೊಂದಕ್ಕೆ ಜನ ಎಷ್ಟು ಬೇಗ ಜಿಗಿಯುತ್ತಾರೆ ಎನ್ನುವುದೇ ಅವರ ಇಡೀ ಲೆಕ್ಕ. ಅದಕ್ಕೆ ರೋಗದ ಗುಣ ಗೊತ್ತಿದ್ದರೆ ಸಾಲದು, ಒಬ್ಬ ಮನುಷ್ಯ ದಿನಕ್ಕೆ ಎಷ್ಟು ಜನರ ಹತ್ತಿರ ಸುಳಿಯುತ್ತಾನೆ ಎಂಬುದು ಗೊತ್ತಾಗಬೇಕು. ಅದನ್ನು ಕೇಳಿ ತಿಳಿಯುವುದೇ ನನ್ನ ಕೆಲಸ. ಆ ವರ್ಷ ಮಕ್ಕಳಲ್ಲಿ ದಡಾರ ಹೆಚ್ಚುತ್ತಿದೆ ಎಂಬ ಸುದ್ದಿಯಿತ್ತು. ಲಸಿಕೆಯ ಗಾಡಿಗಳು ಕಡಿಮೆ, ಕೇರಿಗಳು ಸಾವಿರ. ರೋಗ ಎಲ್ಲಿ ಹಬ್ಬುವ ಸಂಭವ ಹೆಚ್ಚು ಎಂದು ಲೆಕ್ಕ ತೋರಿಸುತ್ತದೋ ಅಲ್ಲಿಗೆ ಮೊದಲು ಗಾಡಿ ಕಳಿಸುತ್ತೇವೆ ಎಂದು ಅಧಿಕಾರಿಗಳು ಹೇಳಿದ್ದರು. ಅಕ್ಕೋರ ಮನಸ್ಸೆಲ್ಲ ಕಟ್ಟಡ ಕೆಲಸಕ್ಕೆ ಬಂದವರ ತಗಡಿನ ಶೆಡ್ಡುಗಳ ಮೇಲೆ. ಯಾದಗಿರಿ, ರಾಯಚೂರು ಕಡೆಯಿಂದ ಕೂಸುಗಳನ್ನು ಕಟ್ಟಿಕೊಂಡು ಬಂದ ಮಂದಿ. ಆ ಕೂಸುಗಳಿಗೆ ಊರಲ್ಲಿ ಒಂದು ಸೂಜಿ ಆಗಿದ್ದರೆ ಇಲ್ಲಿ ಇನ್ನೊಂದು ಆಗಿರುತ್ತಿರಲಿಲ್ಲ.

ಎಲ್ಲ ಭಾಷೆಗಳಲ್ಲೂ ಪ್ರಶ್ನೆ ತಯಾರಾಗಿ ಬಂದಿತ್ತು. ಕನ್ನಡದ್ದು ಹೀಗಿತ್ತು: ನಿನ್ನೆ ನೀವು ಯಾರ್ಯಾರೊಂದಿಗೆ ಸಂಪರ್ಕ ಹೊಂದಿದ್ದಿರಿ? ಓದಿದವಳೇ ಹಣೆ ಬಡಿದುಕೊಂಡೆ. "ಅಕ್ಕಾರ, ಇದನ್ನ ಹೆಣ್ಮಕ್ಕಳ ಮುಂದ ಕೇಳಿದ್ರ ಕಾಲಾಗಿನ ಚಪ್ಪಲಿ ಕೈಗೆ ಬರ್ತಾವು ನೋಡ್ರಿ!" ಅಕ್ಕೋರು ಕನ್ನಡಕ ತೆಗೆದಿಟ್ಟು ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ಅವರು ಬಾಗಲಕೋಟೆ ಕಡೆಯವರು. ಎಷ್ಟೋ ವರ್ಷ ಎಲ್ಲೆಲ್ಲೋ ಓದಿ ಬಂದಿದ್ದರೂ ನಮ್ಮ ಮಾತಿನ ಸವಿ ಬಿಟ್ಟಿರಲಿಲ್ಲ. ಸ್ವಲ್ಪ ಹೊತ್ತು ಯೋಚಿಸಿ, "ಭೆಟ್ಟಿ ಅಂತ ಕೇಳೂಣು" ಎಂದರು. ಮನೆಯ ಮಾತು, ಚೆಂದದ ಮಾತು. ನಿನ್ನೆ ಯಾರ್ಯಾರಿಗೆ ಭೆಟ್ಟಿ ಆಗಿದ್ರಿ? ಇಬ್ಬರಿಗೂ ಖುಷಿಯೋ ಖುಷಿ. ಆ ಖುಷಿಗೆ ಅವರ ಡಬ್ಬಿಯಲ್ಲಿದ್ದ ಶೇಂಗಾ ಹಿಂಡಿ, ಕಟಕ ರೊಟ್ಟಿ ಹಂಚಿಕೊಂಡು ತಿಂದೆವು.

ಕೇಳುವ ರೂಢಿಯಾಗಲಿ ಎಂದು ಮೊದಲು ಅವರಿಗೇ ಪ್ರಶ್ನೆ ಹಾಕಿದೆ. ನಿನ್ನೆ ಯಾರ್ಯಾರಿಗೆ ಭೆಟ್ಟಿ ಆಗಿದ್ರಿ ಅಕ್ಕಾರ? ನೀನು, ಆಮೇಲೆ ಕಚೇರಿಯ ಇಬ್ಬರು ಹುಡುಗರು ಎಂದರು. ನನ್ನ ನಾಲಗೆಗೆ ತಡೆ ಎಲ್ಲಿದೆ? ರವಿವಾರ ಯಾರಿಗೆ ಭೆಟ್ಟಿ ಆಗಿದ್ರಿ ಎಂದು ಕೇಳಿಯೇಬಿಟ್ಟೆ. ಅಕ್ಕೋರು ಕಿಟಕಿಯ ಕಡೆ ನೋಡಿದರು. "ರವಿವಾರ... ಲಿಫ್ಟಿನ್ಯಾಗ ಒಬ್ಬಾಕಿ ನಕ್ಕಳು. ಅದನ್ನ ಲೆಕ್ಕಕ್ಕ ಹಿಡೀತೀ ಏನು?" ಎಂದರು. ಹಿಡಿಯುವುದಿಲ್ಲ, ಎರಡು ಮಾತಾದರೂ ಆಡಿರಬೇಕು ಎಂಬ ನಿಯಮ ಅವರೇ ಮಾಡಿದ್ದು.

ಅವರು ಮದುವೆಯಾಗಿರಲಿಲ್ಲ. ತಂದೆ ತಾಯಿ ತೀರಿದ್ದರು. ಗಚ್ಚಿಬೌಲಿಯ ದೊಡ್ಡ ಗೇಟಿನ ಅಪಾರ್ಟ್‌ಮೆಂಟೊಂದರಲ್ಲಿ ಮೇಲೆಲ್ಲೋ ಒಬ್ಬರೇ ಇದ್ದರು. ಒಂದೆರಡು ಸಲ ನಾನು ಹೋಗಿದ್ದೇನೆ. ಗೇಟಿನಲ್ಲಿ ಕಾವಲಿನವನು ಅವರಿಗೆ ಫೋನು ಹಚ್ಚಿ ಕೇಳಿದ ಮೇಲೆಯೇ ಒಳಗೆ ಬಿಟ್ಟ. ಮನೆ ತುಂಬ ಬೆಳಕು, ಎಲ್ಲ ಸಾಮಾನೂ ಒಂದೊಂದೇ. ಊಟಕ್ಕೆ ಕೂತಾಗ ನನಗೆ ತಾಟು ಕೊಟ್ಟು ಅವರು ಬೋಗುಣಿಯಲ್ಲಿ ಉಂಡರು. ನಾನು ಗದರಿಸಿ ಮುಂದಿನ ಸಲ ಹೋಗುವಾಗ ನಮ್ಮ ಮನೆಯ ಸ್ಟೀಲಿನ ತಾಟೊಂದನ್ನು ಕೊಂಡೊಯ್ದು ಕೊಟ್ಟೆ. ಕಾಚಿಗೂಡಕ್ಕೆ ಬಂದು ನಮ್ಮ ಮನೆಯಲ್ಲೇ ಇರಿ, ಮೇಲಿನ ಖೋಲಿ ಖಾಲಿ ಐತಿ ಎಂದು ಎಷ್ಟು ಸಲ ಹೇಳಿದ್ದೇನೋ... ಬರ್ತೀನಿ, ಈ ಕೆಲಸ ಮುಗೀಲಿ, ಅನ್ನುತ್ತಿದ್ದರು.

ಕೆಲಸ ಭರದಿಂದ ನಡೆಯಿತು. ಗುತ್ತಿಗೆದಾರರು ನಮ್ಮನ್ನು ಶೆಡ್ಡಿನ ಒಳಗೆ ಬಿಡಲಿಲ್ಲ. ಗೇಟಿನಾಚೆ ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಊಟದ ವೇಳೆಗೆ ಒಬ್ಬೊಬ್ಬರಾಗಿ ಬರುತ್ತಿದ್ದರು. ನಿನ್ನೆ ಯಾರ್ಯಾರಿಗೆ ಭೆಟ್ಟಿ ಆಗಿದ್ರಿ ಎಂದು ಕೇಳಿದರೆ, ಯಾರಿಗೂ ಇಲ್ರಿ ಅನ್ನುವವರೇ ಹೆಚ್ಚು. ಒಬ್ಬ ಮುದುಕ, "ನಮಗ ಯಾರು ಭೆಟ್ಟಿ ಆಗ್ತಾರ್ರಿ ಈ ಊರಾಗ" ಎಂದು ಟವೆಲ್ಲಿನಿಂದ ಮುಖ ಒರೆಸಿಕೊಂಡ. ಆ ಉತ್ತರದಲ್ಲಿ ನನಗೆ ಏನೂ ವಿಚಿತ್ರ ಕಾಣಲಿಲ್ಲ. ನನ್ನನ್ನು ಕೇಳಿದ್ದರೆ ನಾನೂ ಅದನ್ನೇ ಹೇಳುತ್ತಿದ್ದೆ. ಫೋನಿನ ಪರದೆಯ ಮೇಲೆ 'ಯಾರೂ ಇಲ್ಲ' ಒತ್ತಿ, ಮುಂದಿನವರನ್ನು ಕರೆಯುತ್ತಿದ್ದೆ.

ಎಲ್ಲ ಉತ್ತರಗಳೂ ಕಂಪ್ಯೂಟರಿಗೆ ಹೋಗಿ ಊರಿನ ನಕ್ಷೆಯಾಗಿ ಹೊರಬಂತು. ಭೆಟ್ಟಿ ಹೆಚ್ಚಿದ್ದಲ್ಲಿ ಕೆಂಪು, ಕಡಿಮೆಯಿದ್ದಲ್ಲಿ ತಿಳಿ ಹಳದಿ. ದೊಡ್ಡ ಅಪಾರ್ಟ್‌ಮೆಂಟುಗಳು ಕೆಂಪಾಗಿದ್ದವು. ಒಡಿಯಾ, ತೆಲುಗು ಮಾತಾಡುವವರ ಶೆಡ್ಡುಗಳೂ ಕೆಂಪಗಿದ್ದವು. ನಮ್ಮ ಮಂದಿಯ ಶೆಡ್ಡುಗಳು ಮಾತ್ರ ಬಿಳಿಚಿಕೊಂಡು ಕೂತಿದ್ದವು. ಆ ಲೆಕ್ಕದ ಪ್ರಕಾರ ಅಲ್ಲಿ ಒಬ್ಬರು ಇನ್ನೊಬ್ಬರ ಹತ್ತಿರ ಸುಳಿಯುವುದೇ ಇಲ್ಲ, ಅಲ್ಲಿಗೆ ದಡಾರ ಬಂದರೂ ಹಬ್ಬುವುದಿಲ್ಲ, ಲಸಿಕೆಯ ಗಾಡಿಗೆ ಅಲ್ಲಿ ಅವಸರವಿಲ್ಲ. ನಕ್ಷೆ ಬೇಗಂಪೇಟೆಯಲ್ಲಿನ ಆ ಅಧಿಕಾರಿಗಳ ಕಚೇರಿಗೆ ಹೋಗಿಯೂ ಆಗಿತ್ತು. ಅಕ್ಕೋರು ಮಾತ್ರ ಬೆಳಗಿನಿಂದ ಅದನ್ನೇ ನೋಡುತ್ತ ಕೂತವರು, "ಏನೋ ಹದಗೆಟ್ಟೈತಿ ತಂಗಿ. ನಡಿ, ಹೋಗಿ ನೋಡೂಣು" ಎಂದರು.

ರವಿವಾರ ಕೆಲಸಕ್ಕೆ ರಜೆ, ಗೇಟಿನಲ್ಲಿ ತಡೆಯುವವರೂ ಇರಲಿಲ್ಲ. ಒಳಗೆ ಹೋದೆವು. ಅಯ್ಯ ದೇವರೇ! ಇದ್ದ ಒಂದೇ ನಲ್ಲಿಯ ಸುತ್ತ ಹೆಣ್ಣುಮಕ್ಕಳ ಜಾತ್ರೆ. ಒಬ್ಬಳ ಕೂಸಿಗೆ ಇನ್ನೊಬ್ಬಳು ನೀರು ಹಾಕುತ್ತಿದ್ದಾಳೆ, ಮತ್ತೊಬ್ಬಳು ಮೂರನೆಯವಳ ತಲೆ ಬಾಚುತ್ತ ಹೇನು ಕುಕ್ಕುತ್ತಿದ್ದಾಳೆ. ಒಂದೇ ಪರಾತದಿಂದ ಐದಾರು ಮಕ್ಕಳು ಅನ್ನ ಉಣ್ಣುತ್ತಿವೆ. ಗಂಡಸರು ಒಬ್ಬರ ಮೈಗೆ ಒಬ್ಬರು ಒರಗಿ ಮೊಬೈಲಿನಲ್ಲಿ ಏನೋ ನೋಡುತ್ತಿದ್ದಾರೆ. ಮುಂದಿನ ಹಲ್ಲು ಮುರಿದ ಒಬ್ಬ ಹೆಣ್ಣುಮಗಳು ನನ್ನ ಗುರುತು ಹಿಡಿದು, ಸೊಂಟದ ಮೇಲೆ ಕೂಸನ್ನಿಟ್ಟುಕೊಂಡೇ ಹತ್ತಿರ ಬಂದಳು. ಯಾರಿಗೂ ಭೆಟ್ಟಿ ಆಗಿಲ್ಲ ಎಂದವಳು ಆಕೆ. ನನಗೆ ಸಿಟ್ಟು ನೆತ್ತಿಗೇರಿತು. "ಅಲ್ಲವಾ, ಯಾರಿಗೂ ಭೆಟ್ಟಿ ಆಗಿಲ್ಲ ಅಂದೆಲ್ಲ, ಇವರೆಲ್ಲಾ ಯಾರು ಮತ್ತ?" ಎಂದು ದಬಾಯಿಸಿದೆ.

ಆಕೆ ಮುರುಕು ಹಲ್ಲು ತೋರಿಸಿ ಪಕಪಕ ನಕ್ಕಳು. "ಇವರಿಗೇನ್ರಿ ಭೆಟ್ಟಿ ಆಗೂದು? ಇವರ ಕೂಡ ಇರ್ತೀವಲ್ರಿ! ಭೆಟ್ಟಿ ಅಂದ್ರ ಊರಿಂದ ಯಾರರ ಬರಬೇಕು, ಇಲ್ಲಾ ನಾವ ಹೋಗಬೇಕು" ಎಂದಳು. ಸುತ್ತಲಿದ್ದವರೂ ನಕ್ಕರು. ನನಗೂ ನಗು ಬಂತು. ಹೌದಲ್ಲ, ನನ್ನ ಗಂಡನನ್ನು ನಾನು ಎಂದಾದರೂ ಭೆಟ್ಟಿಯಾಗಿದ್ದೆನೇ? ಅಕ್ಕೋರು ಮಾತ್ರ ನಗಲಿಲ್ಲ. ಯಾರೋ ಕೊಟ್ಟ ನೀರು ಕುಡಿದು, ಆ ಕೂಸಿನ ಬಿಸಿ ಹಣೆ ಮುಟ್ಟಿ ನೋಡಿ, ಮೈಮೇಲೆ ಏನಾದರೂ ಎದ್ದಿದೆಯೇ ಎಂದು ಕೇಳಿದರು. ಬರೀ ನೆಗಡಿಯೆಂದು ತಾಯಿ ಹೇಳಿದಳು. ಪಕ್ಕದ ಶೆಡ್ಡಿನಲ್ಲಿ ಒಂದು ಮಗುವಿಗೆ ಅವ್ವ ಬಂದಿದ್ದಾಳೆ, ಬಾಗಿಲಿಗೆ ಬೇವು ಕಟ್ಟಿದ್ದಾರೆ ಎಂದೂ ಹೇಳಿದಳು. ದಡಾರ ಬಂದ ಮನೆಗೆ ನಮ್ಮ ಮಂದಿ ಹಾಗೆ ಹೇಳುವುದು. ಅಕ್ಕೋರ ಮುಖದ ಬಣ್ಣವೇ ಇಳಿದುಹೋಯಿತು.

ಆಟೋದಲ್ಲಿ ಬರುವಾಗ ಅವರು, "ಆ ಶಬ್ದ ಆರಿಸಿದಾಕಿ ನಾನ. ನನಗ ಯಾಕ ಹೊಳೀಲಿಲ್ಲ ಗೊತ್ತೇನು? ನನಗ ಮಂದಿ ಅಂದ್ರ ಭೆಟ್ಟಿ ಅಷ್ಟ. ಕೂಡ ಇರೂದು ಅಂತ ಒಂದೈತಿ ಅನ್ನೂದ ಮರತೀನಿ" ಎಂದರು. ಅವರ ಕೈ ಹಿಡಿದುಕೊಂಡೆ.

ಅವರ ಮೇಲಿನ ಸಾಹೇಬರು ಒಳ್ಳೆಯವರೇ. ಇದನ್ನು ದೊಡ್ಡದು ಮಾಡಬೇಡಿ, ಆ ಶೆಡ್ಡುಗಳನ್ನು ಲೆಕ್ಕದಿಂದ ಸದ್ದಿಲ್ಲದೆ ಕೈಬಿಡೋಣ, ತಪ್ಪಾಯಿತೆಂದು ಹೇಳಿದರೆ ಇಡೀ ನಕ್ಷೆಯನ್ನೇ ಯಾರೂ ನಂಬುವುದಿಲ್ಲ, ನಿಮ್ಮ ನೌಕರಿ ಮುಂದುವರಿಸುವ ಮಾತು ಬೇರೆ ಈಗಲೇ ಬಂದಿದೆ ಎಂದು ತಿಳಿಹೇಳಿದರು. ಕೈಬಿಟ್ಟರೆ ಗಾಡಿ ಅಲ್ಲಿಗೆ ಹೋಗುವುದಿಲ್ಲವಲ್ಲ ಎಂದರು ಅಕ್ಕೋರು. ಬೇಗಂಪೇಟೆಯ ಸಭೆಗೆ ಹಟಮಾಡಿ ನನ್ನನ್ನೂ ಕರೆದೊಯ್ದರು. ಉದ್ದನೆಯ ಮೇಜು, ಎ.ಸಿ.ಯ ಚಳಿ. ನಾನು ಗೋಡೆಯ ಪಕ್ಕ ಸೆರಗು ಹೊದ್ದು ಕೂತೆ. ಅಕ್ಕೋರು ಎದ್ದು ನಿಂತು ಇಂಗ್ಲಿಷಿನಲ್ಲಿ ಹೇಳಿದರು. ನನಗೆ ಅಷ್ಟಿಷ್ಟು ತಿಳಿಯಿತು. ನಾನು ಕೇಳಿದ ಪ್ರಶ್ನೆಯೇ ತಪ್ಪು, ಅವರು ಕೊಟ್ಟ ಉತ್ತರ ಸರಿ, ಈ ಶೆಡ್ಡುಗಳ ಲೆಕ್ಕವನ್ನು ವಾಪಸು ತೆಗೆದುಕೊಳ್ಳುತ್ತಿದ್ದೇನೆ, ಗಾಡಿ ಅಲ್ಲಿಗೇ ಮೊದಲು ಹೋಗಬೇಕು. ಒಬ್ಬರು, ಒಂದು ಶಬ್ದಕ್ಕೆ ಊರಿನ ನಕ್ಷೆಯೇ ಬದಲಾಗುವುದಾದರೆ ನಿಮ್ಮ ಗಣಿತಕ್ಕೆ ಏನು ಬೆಲೆ ಮೇಡಂ ಎಂದು ನಕ್ಕರು. ಇನ್ನಿಬ್ಬರೂ ನಕ್ಕರು. ಅಕ್ಕೋರ ಕಿವಿ ಕೆಂಪಾದವು, ಆದರೂ ಕೂರಲಿಲ್ಲ. ಶೆಡ್ಡಿನಲ್ಲಿ ಆಗಲೇ ಒಂದು ಮಗು ಮಲಗಿದೆ ಎಂದು ಮತ್ತೆ ಹೇಳಿದರು. ಗಾಡಿ ಎಂದು ಹೊರಡುತ್ತದೆ ಎಂಬ ಉತ್ತರ ಬರುವ ತನಕ ನಿಂತೇ ಇದ್ದರು.

ಗಾಡಿ ಹೋಯಿತು. ಮಕ್ಕಳಿಗೆಲ್ಲ ಸೂಜಿ ಹಾಕಿದರು. ಮಲಗಿದ್ದ ಮಗು ಎದ್ದು ಓಡಾಡಿತು, ಆ ಶೆಡ್ಡುಗಳಲ್ಲಿ ಇನ್ನೊಂದು ಬಾಗಿಲಿಗೆ ಬೇವು ಕಟ್ಟುವ ಪ್ರಸಂಗ ಬರಲಿಲ್ಲ. ನಾವು ಮತ್ತೆ ಹೋಗಿ, ಯಾರ ಕೂಡ ಇರ್ತೀರಿ, ಯಾರ ಕೂಡ ಉಣ್ತೀರಿ, ಯಾರ ಮಗ್ಗಲ ಮಲಗ್ತೀರಿ ಎಂದು ಕೇಳಿ ಬಂದೆವು. ಮಂದಿ ಬೆರಳು ಮಡಚಿ ಮಡಚಿ ಹೆಸರು ಹೇಳಿ ಸುಸ್ತಾದರು. ಹೊಸ ನಕ್ಷೆಯಲ್ಲಿ ನಮ್ಮವರೇ ಎಲ್ಲರಿಗಿಂತ ಕೆಂಪು. ಆದರೆ ಅದನ್ನು ನೋಡಲು ಯಾರಿಗೂ ಪುರುಸೊತ್ತಿರಲಿಲ್ಲ. ಬಾರದೇ ಹೋದ ಜ್ವರದ ಲೆಕ್ಕ ಯಾರಿಗೆ ಬೇಕು? ಅಕ್ಕೋರ ನೌಕರಿಯನ್ನು ಮುಂದುವರಿಸಲಿಲ್ಲ. ಕಾರಣ ಬೇರೆ ಏನೋ ಹೇಳಿದರಂತೆ. ನಾನು ಅವರ ಪರವಾಗಿ ಕೂಗಾಡಿದೆ, ಗಚ್ಚಿಬೌಲಿ ಕಡೆ ಮುಖ ಮಾಡಿ ಬೈದೆ. ಅವರು ಮಾತ್ರ, ಹೋಗಲಿ ಬಿಡು ಎಂದರು.

ಈಗಲಾದರೂ ಮೇಲಿನ ಖೋಲಿಗೆ ಬರುತ್ತಾರೆಂದು ಸುಣ್ಣ ಹೊಡೆಸಿದ್ದೆ. ಅಷ್ಟರಲ್ಲಿ ಬೆಳಗಾವಿ ಕಡೆಯ ಒಂದು ಕಾಲೇಜಿನಿಂದ ಅವರಿಗೆ ಕರೆ ಬಂತು. ಹೋಗುವ ಮುನ್ನ ಒಂದು ರಾತ್ರಿಯ ಮಟ್ಟಿಗೆ ನಮ್ಮಲ್ಲಿಗೆ ಬಂದರು. ಆ ಸಂಜೆ ಇಬ್ಬರೂ ರೊಟ್ಟಿ ಬಡಿದೆವು, ಅವರದು ಒಂದೂ ದುಂಡಗೆ ಬರಲಿಲ್ಲ. ಲೆಕ್ಕದ ಡಾಕ್ಟರಿಗೆ ಒಂದು ದುಂಡು ಬಾರದೇ ಎಂದು ಹಂಗಿಸಿದೆ. ಮರುದಿನ ಸ್ಟೇಶನ್ನಿಗೆ ಹೋಗಿ ಬಿಟ್ಟುಬಂದೆ. ಕಿಟಕಿಯಿಂದ ಕೈ ಬೀಸಿದರು. ಅಷ್ಟೇ... ಮನೆಗೆ ಬಂದವಳು ಎರಡು ದಿನ ಒಲೆ ಹಚ್ಚಲಿಲ್ಲ. ಇರುವ ಮಾತು ಹೇಳುತ್ತೇನೆ, ಗಂಡ ಹೋದಾಗ ಅತ್ತಷ್ಟೇ ಅತ್ತೆ.

ಮೊದಮೊದಲು ರವಿವಾರಕ್ಕೊಮ್ಮೆ ಫೋನು ಬರುತ್ತಿತ್ತು. ಕಾಲೇಜಿನ ಮಕ್ಕಳ ಸುದ್ದಿ, ಊರಿನ ಚಳಿ. ಆಮೇಲೆ ಹಬ್ಬಕ್ಕೊಮ್ಮೆ ಆಯಿತು. ಒಂದು ಯುಗಾದಿಗೆ ನಾನು ಫೋನು ಹಚ್ಚಿದರೆ ಯಾರೋ ಹುಡುಗ ಎತ್ತಿ, ಈ ನಂಬರು ಈಗ ತನ್ನದೆಂದ. ಕಾಲೇಜಿಗೆ ಹಚ್ಚಿದೆ. ಗುಮಾಸ್ತರೊಬ್ಬರು, ಅವರು ತೀರಿಕೊಂಡು ಭಾಳ ದಿನ ಆತಲ್ರಿ, ಏನೋ ಎದೆನೋವು ಬಂದಿತ್ತು, ನೀವು ಅವರಿಗೆ ಏನಾಗಬೇಕ್ರಿ ಎಂದು ಕೇಳಿದರು. ಏನಾಗಬೇಕು ನಾನು? ಮಣ್ಣು ಮಾಡುವಾಗ ಊರಿಂದ ಯಾರಾದರೂ ಬಂದಿದ್ದರೇ ಎಂದು ಕೇಳಿದ್ದಕ್ಕೆ, ಅದು ನಮಗ ಗೊತ್ತಿಲ್ರಿ, ಆವಾಗ ಕಾಲೇಜಿಗೆ ಸೂಟಿ ಇತ್ತು ಎಂದರು.

ಮಾರ್ಕರಿನ ವಾಸನೆ ಹತ್ತಿದ ಮರುದಿನ ಮನೆಯಲ್ಲಿ ಕೂರಲಾಗದೆ ಸ್ಟೇಶನ್ನಿಗೆ ಹೋದೆ. ಕನ್ನಡ ಕೇಳಬೇಕೆನಿಸಿದಾಗ ನಾನು ಹೋಗುವುದು ಅಲ್ಲಿಗೇ. ರಾಯಚೂರು ಕಡೆಯ ಗಾಡಿಗೆ ಕಾದು ಕೂತವರ ಪಕ್ಕ ಸುಮ್ಮನೆ ಕೂತಿದ್ದು, ಗಾಡಿ ಹೋದ ಮೇಲೆ ಎದ್ದು ಬರುತ್ತೇನೆ. ಅಂದು ಗಂಟುಮೂಟೆಗಳ ನಡುವೆ ಒಬ್ಬಳು ಪಕಪಕ ನಕ್ಕಳು. ಅದೇ ಮುರುಕು ಹಲ್ಲು. ಮಗ್ಗುಲಲ್ಲಿ ಎರಡು ಜಡೆಯ ಹುಡುಗಿ, ಸಾಲಿಗೆ ಹೋಗುವಷ್ಟು ದೊಡ್ಡವಳಾಗಿದ್ದಳು. ಗುರುತು ಹೇಳಿದೆ. ಲಸಿಕೆಯ ಗಾಡಿ ಬಂದದ್ದು ಆಕೆಗೆ ಚೆನ್ನಾಗಿ ನೆನಪಿತ್ತು. "ಹೌದ್ರಿ, ಸೂಜಿ ಚುಚ್ಚಿದ್ರು. ಈಕಿ ಹೊಯ್ಕೊಂಡಿದ್ದೇ ಹೊಯ್ಕೊಂಡಿದ್ದು!" ಅದನ್ನು ಕಳಿಸಿದ ಅಕ್ಕೋರು ನೆನಪಿದ್ದಾರೆಯೇ ಎಂದು ಕೇಳಿದೆ.

"ಯಾವ ಅಕ್ಕಾರ್ರಿ?"

ಕನ್ನಡಕ ಹಾಕಿಕೊಂಡಿದ್ದರು, ನಿಮ್ಮಲ್ಲಿ ನೀರು ಕುಡಿದಿದ್ದರು, ಈ ಹುಡುಗಿಯ ಹಣೆ ಮುಟ್ಟಿದ್ದರು... ಎಷ್ಟು ಹೇಳಿದರೂ ಆಕೆಗೆ ನೆನಪಾಗಲಿಲ್ಲ. ಪಾಪ, ಏನು ಮಾಡಿಯಾಳು? ಕೇಳಲು ಬರೆದುಕೊಳ್ಳಲು ಎಷ್ಟೋ ಮಂದಿ ಬರುತ್ತಿದ್ದರು. ಅವರು ತೀರಿಕೊಂಡರವಾ ಎಂದೆ. ಆಕೆಯ ನಗು ನಿಂತಿತು. ಕೈಯಲ್ಲಿದ್ದ ಚೀಲ ಕೆಳಗಿಟ್ಟು, ತಲೆಯ ಮೇಲೆ ಸೆರಗು ಎಳೆದುಕೊಂಡು, ನಮ್ಮ ಕಡೆ ಯಾರೇ ಆದರೂ ಮೊದಲು ಕೇಳುವುದನ್ನೇ ಆಕೆಯೂ ಕೇಳಿದಳು.

"ಅಯ್ಯ ಶಿವನ... ಮಣ್ಣಿಗೆ ಮಂದಿ ಕೂಡಿತ್ತೇನ್ರಿ?"

"ಕೂಡಿತ್ತವಾ," ಎಂದೆ. "ಭಾಳ ಮಂದಿ ಕೂಡಿತ್ತು. ನಾನೂ ಹೋಗಿದ್ನಿ."

ಪುಣ್ಯವಂತರು ಬಿಡ್ರಿ ಎಂದು ಆಕೆ ಕೈ ಮುಗಿದಳು. ಗಾಡಿ ಬಂತು, ಮಗಳನ್ನೂ ಗಂಟನ್ನೂ ಒಳಗೆ ನೂಕಿ ತಾನೂ ಹತ್ತಿಕೊಂಡಳು. ನಾನು ಪ್ಲಾಟ್‌ಫಾರ್ಮಿನ ಮೇಲೆ ನಿಂತೇ ಇದ್ದೆ. ಲೆಕ್ಕ ತಪ್ಪೆಂದು ಗೊತ್ತಾದ ಮೇಲೆ ಅಕ್ಕೋರು ಒಂದು ದಿನವೂ ಸುಮ್ಮನಿರಲಿಲ್ಲ. ನಾನು ತಪ್ಪು ಉತ್ತರ ಕೊಟ್ಟು ಸುಮ್ಮನಿದ್ದೇನೆ.